ಮಳೆಗಾಲಕ್ಕೂ ಅಡಿಕೆ ಕೊಯ್ಲಿಗೂ ಹೊಂದಿಕೊಂಡ ವ್ಯಾಯಾಮದ ಆ್ಯಪ್

ಈ ಆ್ಯಪನ್ನು ಹಳೆಯ ರೂಪದಲ್ಲೂ ಬಳಸಿದವಳು ನಾನು. ಹೊಸ ವಿನ್ಯಾಸ ಬಂದಮೇಲೆ ಒಂದು ಪೂರ್ತಿ ಮಳೆಗಾಲವೂ ಒಂದು ಅಡಿಕೆ ಕೊಯ್ಲೂ ಕಳೆದಿವೆ. ನಮ್ಮ ಮನೆ ಶಿರಸಿ ಪೇಟೆಯಿಂದ ಹೊರಗೆ, ತೋಟದ ಪಕ್ಕದಲ್ಲಿದೆ. ತಂಗಿ ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಮನೆಯ ಮಹಡಿಯಲ್ಲಿದ್ದಾಳೆ, ಅವಳೂ ಇದನ್ನೇ ಬಳಸುತ್ತಾಳೆ. ಹಾಗಾಗಿ ಘಟ್ಟದ ಮೇಲಿನ ಅನುಭವ, ಕೆಳಗಿನ ಅನುಭವ ಎರಡೂ ಇಲ್ಲಿವೆ. ಐದಕ್ಕೆ ನಾಲ್ಕು ಕೊಟ್ಟಿದ್ದೇನೆ.

ಹಳೆಯ ಆ್ಯಪ್ ತೆರೆದ ಕೂಡಲೇ ತೂಕ ಕೇಳುತ್ತಿತ್ತು, ಹೊಟ್ಟೆಯ ಫೋಟೋ ಕೇಳುತ್ತಿತ್ತು. ಆಮೇಲೆ ಮುಕ್ಕಾಲು ಗಂಟೆಯ ವಿಡಿಯೋಗಳ ಸಾಲು. ಅರ್ಧಕ್ಕರ್ಧ ಜಿಗಿತ. ಕೆಳಗೆ ಮನೆ ಮಾಲೀಕರು ವಾಸವಿರುವಾಗ ತಂಗಿ ಬೆಳಗಿನ ಐದೂವರೆಗೆ ಹೇಗೆ ಜಿಗಿಯಬೇಕು? ನಮ್ಮಲ್ಲಿ ಆಷಾಢದ ಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ, ವಿಡಿಯೋ ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ದಿನ ತಪ್ಪಿದರೆ ಸತತ ದಿನಗಳ ಲೆಕ್ಕ ಸೊನ್ನೆಗೆ ಬರುತ್ತಿತ್ತು. ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತವಳಿಗೆ ಮರುದಿನ ಬೆಳಿಗ್ಗೆ ಫೋನು ‘ನೀವು ನಿನ್ನೆ ಏನೂ ಮಾಡಲಿಲ್ಲ’ ಅಂದರೆ ಹೇಗಾಗಬೇಡ!

ವಿನ್ಯಾಸ ಬದಲಿಸುವ ಮೊದಲು ಕಂಪನಿಯವರು ಹಳೆಯ ಬಳಕೆದಾರರಲ್ಲಿ ಕೆಲವರನ್ನು ಮಾತಿಗೆ ಕರೆದರು. ಅವರಲ್ಲಿ ನಾನೂ ಒಬ್ಬಳು. ಮಾತಾಡಿಸಿದ ಹುಡುಗಿ ‘ನಿಮಗೆ ಏನೇನು ಸೌಲಭ್ಯ ಬೇಕು’ ಅಂತ ಕೇಳಲೇ ಇಲ್ಲ. ಕಳೆದ ಬಾರಿ ವ್ಯಾಯಾಮ ತಪ್ಪಿದ್ದು ಯಾವಾಗ, ಆ ಹೊತ್ತಿಗೆ ಮನೆಯಲ್ಲಿ ಏನು ನಡೆಯುತ್ತಿತ್ತು, ಫೋನ್ ಎಲ್ಲಿತ್ತು ಅಂತ ಕೇಳಿದಳು. ಮಾಡುವ ಜಾಗವನ್ನು ಕ್ಯಾಮೆರಾದಲ್ಲಿ ತೋರಿಸಲು ಹೇಳಿದಳು. ಮೆತ್ತಿನ (ಮಹಡಿಯ) ಹಲಗೆ ನೆಲ, ಒಂದು ಮೂಲೆಯಲ್ಲಿ ಅಡಿಕೆ ಚೀಲ ಎಲ್ಲ ತೋರಿಸಿದೆ. ಆಮೇಲೆ ಒಂದು ವಾರ ದಿನಚರಿ ಇಡಬೇಕಿತ್ತು. ಇವತ್ತು ಮಾಡಿದೆನೋ ಇಲ್ಲವೋ, ಯಾಕೆ ಅಂತ ಧ್ವನಿ ಸಂದೇಶ ಕಳಿಸಿದರೆ ಸಾಕು. ಜನರನ್ನು ‘ಏನು ಬೇಕು’ ಅಂತ ಕೇಳಿದರೆ ಆಸೆಗಳ ಪಟ್ಟಿ ಸಿಗುತ್ತದೆ, ‘ಏನು ತಡೆಯಿತು’ ಅಂತ ಕೇಳಿದರೆ ಅವರ ದಿನ ಹೇಗಿರುತ್ತದೆ ಅನ್ನುವುದು ಸಿಗುತ್ತದೆ. ಹೊಸ ಆ್ಯಪಿನಲ್ಲಿ ಒಳ್ಳೆಯದಾದದ್ದೆಲ್ಲ ಈ ಎರಡನೆಯ ಪ್ರಶ್ನೆಯಿಂದ ಬಂದದ್ದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಈಗ ತೆರೆದರೆ ನಾಲ್ಕೇ ಪ್ರಶ್ನೆ: ಎಷ್ಟು ಹೊತ್ತು ಸಿಗುತ್ತದೆ, ಜಿಗಿಯಬಹುದಾದ ಜಾಗವೇ, ಎಲ್ಲಾದರೂ ನೋವಿದೆಯೇ, ನಿನ್ನೆ ಮೈ ಬಗ್ಗಿಸಿ ಕೆಲಸ ಮಾಡಿದ್ದೀರಾ. ತೂಕ ಕೇಳುವುದಿಲ್ಲ. ಎಂಟು ನಿಮಿಷ ಅಂದರೆ ಎಂಟು ನಿಮಿಷದ್ದೇ ಕೊಡುತ್ತದೆ. ಇಷ್ಟು ಕಡಿಮೆ ಮಾಡಿದರೆ ಏನು ಪ್ರಯೋಜನ ಅಂತ ನಮ್ಮವರು ಕೇಳಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಹೇಳಿದ್ದಾರೆ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಬೇಕು. ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಆಗಲೇಬೇಕು ಅನ್ನುವ ಹಳೆಯ ಷರತ್ತನ್ನು ಆಗಲೇ ಕೈಬಿಟ್ಟಿದ್ದಾರೆ. ಆ್ಯಪ್ ಈಗ ನಿಮಿಷಗಳ ವಾರದ ಮೊತ್ತ ಮಾತ್ರ ತೋರಿಸುತ್ತದೆ, ಸತತ ದಿನಗಳ ಲೆಕ್ಕ ಹೋಗಿದೆ. ಮಧ್ಯಮ ಶ್ರಮ ಅಂದರೆ ಎಷ್ಟು ಅನ್ನುವುದಕ್ಕೂ ಯಂತ್ರ ಬೇಕಾಗಿಲ್ಲ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮುಗಿದ ಮೇಲೆ ಅದನ್ನೇ ಕೇಳುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ತೋಟದ ಕೆಲಸವನ್ನು ಬರೆಯುವ ಜಾಗ. ಸೊಪ್ಪು ಹೊತ್ತದ್ದು, ಅಡಿಕೆ ಹಾಳೆ ಹೆಕ್ಕಿದ್ದು, ಕೊಟ್ಟಿಗೆ ಬಳಿದದ್ದು ಎಲ್ಲ ನಿಮಿಷದ ಲೆಕ್ಕದಲ್ಲಿ ಸೇರುತ್ತವೆ. ಸೇರಿಸಿ ಸುಮ್ಮನಾಗುವುದಿಲ್ಲ ಅನ್ನುವುದು ಇನ್ನೂ ಮುಖ್ಯ. ಈ ಕೆಲಸಗಳಲ್ಲಿ ಬೆನ್ನು ಮುಂದಕ್ಕೇ ಬಾಗಿರುತ್ತದೆ, ಕೈ ತಲೆಯ ಮೇಲೆ ಹೋಗುವುದೇ ಇಲ್ಲ. ಅಡಿಕೆ ಸುಲಿದ ಮರುದಿನ ಅದು ಎದೆ ತೆರೆದುಕೊಳ್ಳುವ, ಬೆನ್ನು ಹಿಂದಕ್ಕೆ ಒಯ್ಯುವ, ಸೊಂಟ ಸಡಿಲಿಸುವ ವ್ಯಾಯಾಮಗಳನ್ನೇ ಮುಂದಿಡುತ್ತದೆ. ತೋಟದಲ್ಲಿ ದುಡಿಯುವ ಹೆಂಗಸಿಗೆ ವ್ಯಾಯಾಮ ಯಾಕೆ ಅಂತ ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ಈ ಸಲದ ಕೊಯ್ಲಿನಲ್ಲಿ ನನ್ನ ಕುತ್ತಿಗೆ ಹಿಡಿಯಲಿಲ್ಲ, ಅವರಿಗೆ ಅದನ್ನೇ ಹೇಳುತ್ತೇನೆ.

ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಫೋನ್ ಬೋರಲು ಹಾಕಿ ದನಿ ಮಾತ್ರ ಕೇಳಿಕೊಂಡೂ ಮಾಡಬಹುದು. ಕನ್ನಡ ದನಿ ಚೆನ್ನಾಗಿದೆ, ವೇಗ ಮಾತ್ರ ಜಾಸ್ತಿ. ತಂಗಿ ಜೂನ್‌ವರೆಗೆ ಟಾಗೋರ್ ಕಡಲತೀರದಲ್ಲಿ ನಡೆಯುತ್ತಾಳೆ, ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಈ ಆ್ಯಪೇ ಗತಿ. ಕರಾವಳಿಯ ಸೆಕೆಗೆ ನಡುವೆ ನೀರು ಕುಡಿಯಲು ಬಿಡುವು ಉದ್ದ ಮಾಡಿಕೊಳ್ಳುವ ಸೌಲಭ್ಯ ಅವಳಿಗೆ ಇಷ್ಟ. ಚಂದಾ ರದ್ದು ಮಾಡುವ ಗುಂಡಿ ಮೊದಲು ಹುಡುಕಿದರೂ ಸಿಗುತ್ತಿರಲಿಲ್ಲ, ಈಗ ಖಾತೆಯ ಪುಟದಲ್ಲೇ ಇದೆ.

ಇನ್ನು ಒಂದು ನಕ್ಷತ್ರ ಯಾಕೆ ಕಡಿಮೆ ಅನ್ನುವುದು. ಕಂಪನಿಯವರು ಮಾತಾಡಿಸಿದ್ದು ಆ್ಯಪ್ ಬಳಸುತ್ತಿದ್ದವರನ್ನು, ಬಿಟ್ಟುಹೋದವರನ್ನಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗಳು ಹೇಳಿದಳು: ಐದು ಜನರ ಕೈಗೆ ಕೊಟ್ಟು ನೋಡಿದರೆ ಬಳಕೆಯ ತೊಂದರೆಗಳಲ್ಲಿ ಸುಮಾರು 85 ಪ್ರತಿಶತ ಕಾಣುತ್ತವೆ ಅಂತ ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ 2000ರಲ್ಲಿ ಬರೆದ ಮಾತು ಆ ವಲಯದಲ್ಲಿ ಎಲ್ಲರ ಬಾಯಲ್ಲೂ ಇದೆಯಂತೆ. ಆದರೆ ಬಳಸುವವರು ಬೇರೆ ಬೇರೆ ಬಗೆಯವರಾದರೆ ಪ್ರತಿ ಗುಂಪಿನಿಂದಲೂ ಜನ ಬೇಕು ಅಂತ ಅವರೇ ಹೇಳಿದ್ದಾರೆ. ಬಿಟ್ಟುಹೋದವರಲ್ಲಿ ನಮ್ಮ ಅತ್ತೆಯೂ ಒಬ್ಬರು, ಅವರಿಗೆ ಎಪ್ಪತ್ತು ದಾಟಿದೆ. ಹಳೆಯ ಆ್ಯಪಿನಲ್ಲಿ ದಿನಕ್ಕೆ 10,000 ಹೆಜ್ಜೆ ಅಂತ ನೋಡಿ ‘ತಂಗೀ, ಇದು ನನ್ನಿಂದ ಆಗೂದಲ್ಲ’ ಅಂದು ಬಿಟ್ಟರು. ಆ ಸಂಖ್ಯೆ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದಿಂದ ಹಬ್ಬಿದ್ದು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ, 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು, 7,500ರ ಹೊತ್ತಿಗೆ ಆ ಇಳಿಕೆ ನಿಂತಿತು. ಹೊಸ ಆ್ಯಪಿನಲ್ಲಿ ಗುರಿಯನ್ನು ನಾವೇ ಬದಲಿಸಬಹುದು, ಆದರೆ ತಾನಾಗಿ ಬರುವುದು ಇಂದಿಗೂ 10,000ವೇ.

65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನದ ಅಭ್ಯಾಸ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ಹೇಳುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಓಡಾಡುವ ಹಿರಿಯರಿಗೆ ಅದಕ್ಕಿಂತ ಅಗತ್ಯದ್ದು ಇಲ್ಲ. ಇಲ್ಲಿ ಅಂಥ ಪಾಠ ಒಂದೇ ಒಂದು ಇದೆ, ಅದರಲ್ಲೂ ಗೋಡೆ ಹಿಡಿದು ಮಾಡುವ ಕ್ರಮ ಇಲ್ಲ. ಕಂಪನಿಗೆ ಬರೆದಿದ್ದೇನೆ, ಹಿರಿಯರನ್ನು ಅವರ ಮನೆಯಲ್ಲೇ ಮಾತಾಡಿಸಿ ಅಂತಲೂ ಸೇರಿಸಿದ್ದೇನೆ. ನನ್ನ ಚಂದಾ ಈ ವರ್ಷಕ್ಕೂ ಕಟ್ಟಿಯಾಗಿದೆ. ಅತ್ತೆಯ ಹೆಸರಲ್ಲಿ ಖಾತೆ ತೆರೆಯುವುದು ಆ ಪಾಠಗಳು ಬಂದಮೇಲೆ.