ಬ್ರೇಕ್ ಆಯಿಲ್ ಎಣ್ಣೆಯೇ ಅಲ್ಲ, ಬಾಟಲಿ ನೋಡಿ ಹಾಕಿಸಿ

ಹಳೆ ಗಾಡಿ ಇಟ್ಟುಕೊಂಡವರು, ಮನೆಯಲ್ಲೇ ಜೀಪು ಕಟ್ಟುತ್ತಿರುವವರು ಇದನ್ನೊಮ್ಮೆ ಓದಿ. ಹನ್ನೊಂದು ಸಾವಿರ ರೂಪಾಯಿ ಮತ್ತು ಒಂದು ಹಬ್ಬ ಕಳೆದುಕೊಂಡು ಬರೆಯುತ್ತಿದ್ದೇನೆ.

ನನ್ನದು ಹಳೆಯ ಸಿಜೆ 3ಬಿ ಜೀಪು. ಚಾಸಿ, ಇಂಜಿನ್, ಆರ್‌ಸಿ ಮೂಲದ್ದೇ. ಉಳಿದದ್ದನ್ನೆಲ್ಲ ಬಿಡಿಬಿಡಿಯಾಗಿ ತಂದು ಹುಬ್ಬಳ್ಳಿಯ ನಮ್ಮ ಮನೆ ಹಿತ್ತಲಲ್ಲಿ ಜೋಡಿಸಿದ್ದು. ಸೀಟು ಗುಜರಿಯದು, ವೈರಿಂಗ್ ನನ್ನ ಕೈಯದು. ಮಳೆಗಾಲದಲ್ಲಿ ಅದನ್ನು ಮುಟ್ಟುವ ಹಾಗಿಲ್ಲ. ಹಿತ್ತಲೆಲ್ಲ ಎರೆಮಣ್ಣಿನ ಕೆಸರು, ಪೇಂಟ್ ಒಣಗುವುದಿಲ್ಲ. ಹಾಗಾಗಿ ದೀಪಾವಳಿ ಮುಗಿದ ಮೇಲೆಯೇ ನನ್ನ ಕೆಲಸ ಶುರು. ಈ ಸಲ ಫ್ಲೋರ್ ಶೀಟು ಬದಲಾಯಿಸಿದೆ, ಹೆಡ್‌ಲೈಟಿಗೆ ರಿಲೇ ಹಾಕಿದೆ, ಸೋರುತ್ತಿದ್ದ ರೇಡಿಯೇಟರ್ ಹೋಸ್ ತೆಗೆದು ಹೊಸದು ಹಾಕಿದೆ. ಉಳಿದದ್ದು ಬ್ರೇಕು.

ಮುಂದೆ ಡಿಸ್ಕ್ ಬ್ರೇಕ್ ಹಾಕಿಸುವ ಆಸೆ ಮೊದಲು ಇತ್ತು. ಕಂಪನಿ ಕೊಟ್ಟ ನಮೂನೆಯಿಂದ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದನ್ನು ಬಿಟ್ಟೆ. ಇದ್ದ ಡ್ರಮ್ ಬ್ರೇಕನ್ನೇ ಹೊಸದು ಮಾಡಿಸೋಣ ಅಂದುಕೊಂಡೆ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ದ್ರವವನ್ನು ಗಾಲಿಗಳ ಕಡೆ ತಳ್ಳುವ ಭಾಗ) ಕಿಟ್, ನಾಲ್ಕೂ ವೀಲ್ ಸಿಲಿಂಡರಿನ ಕಿಟ್, ಹೊಸ ಹೋಸ್, ಡ್ರಮ್ಮಿಗೆ ಒತ್ತಿ ಗಾಲಿ ನಿಲ್ಲಿಸುವ ಹೊಸ ಲೈನರ್ ತಂದೆ. ಬೇರೆ ಯಾವ ಕೆಲಸಕ್ಕೂ ಕೈ ಹಾಕುತ್ತೇನೆ, ಬ್ರೇಕಿಗೆ ಮಾತ್ರ ಹೆದರಿಕೆ. ಅದಕ್ಕೇ ಗ್ಯಾರೇಜಿಗೆ ಕೊಟ್ಟೆ. ನೋಡಿ ಹೆಂಗಾಯ್ತು.

ಗ್ಯಾರೇಜಿನ ಹೆಸರು ಹೇಳುವುದಿಲ್ಲ. ಜೋಡಿಸುವ ಕೆಲಸ ಚೆನ್ನಾಗಿಯೇ ಮಾಡಿದರು, ನಾನು ಪಕ್ಕದಲ್ಲೇ ನಿಂತಿದ್ದೆ. ಈ ಜೀಪಿನಲ್ಲಿ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲ ಕೆಳಗೆ ಇರುತ್ತದೆ. ಫ್ಲೋರಿನ ಸಣ್ಣ ಮುಚ್ಚಳ ತೆಗೆದು ಮೇಲಿಂದ ಸುರಿಯಬೇಕು. ಹುಡುಗ ಒಂದು ಹಳೆ ನೀರಿನ ಬಾಟಲಿ ತಂದ. ಲೇಬಲ್ ಇಲ್ಲ, ತಿಳಿ ಹಳದಿ ಬಣ್ಣ.

'ಇದು ಬ್ರೇಕ್ ಆಯಿಲ್ಲೇ ಹೌದೇನಪಾ?' ಅಂದೆ.

'ಆಯಿಲ್ ಅಂದ್ರ ಆಯಿಲ್ಲೇ ಅಣ್ಣಾರ, ಏನೂ ಆಗಂಗಿಲ್ರಿ.'

ಸುಮ್ನಾದೆ. ಸುರಿಯುವಾಗ ಸ್ವಲ್ಪ ಚೆಲ್ಲಿತು, ಹೊಸ ಪೇಂಟಿನ ಮೇಲೆ. ಒರೆಸಿದೆ, ಏನೂ ಆಗಿರಲಿಲ್ಲ. ಪೇಂಟ್ ಉಳಿಯಿತಲ್ಲ ಎಂದು ಖುಷಿಪಟ್ಟೆ. ನಿಜವಾದ ಬ್ರೇಕ್ ಫ್ಲೂಯಿಡ್ ಆಗಿದ್ದರೆ ಅಂಥ ಹಸಿ ಪೇಂಟನ್ನು ಕಿತ್ತು ಹಾಕುತ್ತಿತ್ತು. ಅಷ್ಟು ದೊಡ್ಡ ಸುಳಿವು ಕಣ್ಣೆದುರೇ ಇದ್ದರೂ ನಾನು ಬಟ್ಟೆ ಹಿಂಡಿ ಒಣಗಲು ಹಾಕಿದೆ.

ಮೊದಲ ಎರಡು ದಿನ ಬ್ರೇಕ್ ಚಲೋ ಹಿಡಿಯಿತು. ಮೂರನೇ ದಿನ ಪೆಡಲ್ ಸ್ವಲ್ಪ ಗಟ್ಟಿ ಅನಿಸಿತು. ಹೊಸ ಕಿಟ್ ಅಲ್ವಾ, ಹಾಗೇ ಇರುತ್ತದೆ ಅಂದುಕೊಂಡೆ. ಐದನೇ ದಿನ ಎಳ್ಳಮಾವಾಸ್ಯೆ. ಅವ್ವ, ಹೆಂಡತಿ, ಮಕ್ಕಳು, ಸಜ್ಜಿ ರೊಟ್ಟಿ, ಎಣಗಾಯಿ, ಕಡುಬಿನ ಬುಟ್ಟಿ ಎಲ್ಲ ಹೇರಿಕೊಂಡು ಚರಗ ಚೆಲ್ಲಲು ಕಾಕಾನ ಹೊಲಕ್ಕೆ ಹೊರಟೆವು. ಕುಸುಗಲ್ ದಾಟುವಾಗ ಜೀಪು ಭಾರ ಎಳೆದಂತೆ ಎಳೆಯತೊಡಗಿತು. ಆಕ್ಸಿಲರೇಟರ್ ಬಿಟ್ಟರೆ ತಾನಾಗೇ ನಿಲ್ಲುತ್ತದೆ. ಸುಟ್ಟ ವಾಸನೆ. 'ಯಾರದೋ ಹೊಲದಾಗ ಕಸಾ ಸುಡಾಕತ್ತಾರ' ಎಂದಳು ಅವ್ವ. ಇಳಿದು ನೋಡಿದರೆ ವಾಸನೆ ನಮ್ಮ ಗಾಲಿಯದೇ. ಡ್ರಮ್ಮಿನ ಮೇಲೆ ನೀರು ಚಿಮುಕಿಸಿದೆ, ಚುಂಯ್ ಅಂತು. ಪೆಡಲ್ ಕಲ್ಲಾಗಿತ್ತು, ಒಂದಿಂಚೂ ಒಳಗೆ ಹೋಗುತ್ತಿರಲಿಲ್ಲ.

ಕಾಕಾಗೆ ಫೋನ್ ಮಾಡಿದೆ, ಟ್ರ್ಯಾಕ್ಟರ್ ತಗೊಂಡು ಬಂದ. ಬಂದವನೇ ಒಂದು ಗಾಲಿಯ ಬ್ಲೀಡಿಂಗ್ ನಿಪ್ಪಲ್ (ಬ್ರೇಕ್ ದ್ರವ ಹೊರಬಿಡುವ ಸಣ್ಣ ಸ್ಕ್ರೂ) ಸಡಿಲ ಮಾಡಿದ. ಪಿಚಕಾರಿಯಂತೆ ಹಾರಿತು, ನಾಲ್ಕೂ ಗಾಲಿ ಬಿಟ್ಟವು. ಹನಿಯನ್ನು ಬೆರಳಲ್ಲಿ ಉಜ್ಜಿ ಮೂಸಿದ. 'ತಮ್ಮಾ, ಇದು ನಮ್ಮ ಟ್ರ್ಯಾಕ್ಟರ್ ಲಿಫ್ಟಿಗೆ ಹಾಕೋ ಆಯಿಲ್ ಇದ್ದಂಗೈತಲ್ಲೋ' ಎಂದ. ಸ್ಟೀಲ್ ಲೋಟದ ನೀರಿಗೆ ನಾಲ್ಕು ಹನಿ ಬಿಟ್ಟು ತೋರಿಸಿದ. ಎಣ್ಣೆ ಮೇಲೆ ತೇಲಿತು.

ಇದೇ ನೋಡಿ ವಿಷಯ. ನಾವೆಲ್ಲ ಬ್ರೇಕ್ ಆಯಿಲ್ ಅಂತೀವಿ, ಆದರೆ ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್‌ಗಳು ಎಣ್ಣೆಯೇ ಅಲ್ಲ. ಅವು ಗ್ಲೈಕಾಲ್ ಜಾತಿಯ ದ್ರವ, ನೀರಿನಲ್ಲಿ ಕರಗುತ್ತವೆ. ಆ ಬ್ರೇಕಿನ ರಬ್ಬರುಗಳನ್ನು ಅದಕ್ಕೆಂದೇ ಮಾಡಿರುತ್ತಾರೆ. ಇಂಜಿನ್ ಆಯಿಲ್, ಹೈಡ್ರಾಲಿಕ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ತಗುಲಿದರೆ ಅದೇ ರಬ್ಬರು ಉಬ್ಬುತ್ತದೆ. ಪೆಡಲ್ ಬಿಟ್ಟಾಗ ದ್ರವ ವಾಪಸ್ ಹೋಗಲು ಮಾಸ್ಟರ್ ಸಿಲಿಂಡರಿನಲ್ಲಿ ಸೂಜಿ ಗಾತ್ರದ ತೂತು ಇರುತ್ತದೆ. ಸಿಲಿಂಡರಿನೊಳಗೆ ದ್ರವ ತಳ್ಳುವ ರಬ್ಬರಿನ ಕಪ್ ಉಬ್ಬಿ ಅದನ್ನು ಮುಚ್ಚಿಬಿಟ್ಟಿತ್ತು. ಡ್ರಮ್ ಬಿಸಿಯಾದಂತೆ ದ್ರವ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲ, ಲೈನರನ್ನು ಇನ್ನಷ್ಟು ಒತ್ತುತ್ತದೆ. ಮತ್ತೆ ಬಿಸಿ. ನನ್ನ ಪುಣ್ಯ, ಗಾಡಿ ಹಿಡಿದುಕೊಂಡಿತು. ರಬ್ಬರು ಹರಿದು ಸೋರಿದ್ದರೆ? ಇದು ಹಳೆ ಕಾಲದ ಒಂದೇ ಸರ್ಕ್ಯೂಟಿನ ಬ್ರೇಕು, ಒಂದು ಕಡೆ ಸೋರಿದರೆ ನಾಲ್ಕೂ ಗಾಲಿಗೆ ಬ್ರೇಕಿಲ್ಲ.

ಆ ಸ್ಥಿತಿಯಲ್ಲಿ ಓಡಿಸಲಿಲ್ಲ. ಅವ್ವ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಟ್ರ್ಯಾಲಿಯಲ್ಲಿ ಹೋದಳು. ನಾನು ಜೀಪು ಕಾಯುತ್ತಾ ರಸ್ತೆ ಬದಿಯಲ್ಲೇ ರೊಟ್ಟಿ ತಿಂದೆ.

ಬಿಚ್ಚಿ ನೋಡಿದಾಗ ಹೊಸ ಕಪ್ಪುಗಳು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿದ್ದವು. ಹೊರಗೆ ತೆಗೆದ ಮೇಲೆ ಸಿಲಿಂಡರಿನೊಳಗೆ ಮತ್ತೆ ಹೋಗಲೇ ಇಲ್ಲ. ಇಲ್ಲಿ ಕೆಲವರು ಇನ್ನೊಂದು ತಪ್ಪು ಮಾಡುತ್ತಾರೆ. ಹಳೆ ಆಯಿಲ್ ಚೆಲ್ಲಿ ಹೊಸ ಫ್ಲೂಯಿಡ್ ತುಂಬಿದರೆ ಸಾಕು ಅನ್ನುತ್ತಾರೆ. ಸಾಲದು. ರಬ್ಬರು ಒಮ್ಮೆ ಎಣ್ಣೆ ಕುಡಿದರೆ ಮುಗಿಯಿತು. ಎಲ್ಲ ಕಪ್ಪು, ಸೀಲು, ಹೋಸು ಎಸೆಯಬೇಕು. ಕಬ್ಬಿಣದ ಪೈಪುಗಳನ್ನು ಬ್ರೇಕ್ ಕ್ಲೀನರಿನಿಂದ ತೊಳೆದು ಒಣಗಿಸಬೇಕು. ಪೆಟ್ರೋಲು, ಡೀಸೆಲ್ ಹಾಕಿ ತೊಳೆಯಬೇಡಿ, ಅವೂ ರಬ್ಬರಿಗೆ ಅದೇ ಗತಿ ಕಾಣಿಸುತ್ತವೆ.

ಫ್ಲೂಯಿಡ್ ಸರಿಯಾದದ್ದೇ ಇದ್ದರೂ ತೆರೆದಿಟ್ಟ ಬಾಟಲಿಯದು ಬೇಡ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಸೇರಿದ್ದಕ್ಕೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ನಾನೀಗ ಸೀಲ್ ಇರುವ ಸಣ್ಣ ಡಬ್ಬಿ ನಾನೇ ಒಯ್ದು, ನನ್ನೆದುರೇ ಒಡೆಸುತ್ತೇನೆ. ಗ್ಯಾರೇಜಿನವರಿಗೆ ಸಿಟ್ಟು ಬಂದರೆ ಬರಲಿ.

ಬಿಲ್ ಕೇಳಿರಲಿಲ್ಲ, ಅದು ನನ್ನದೇ ತಪ್ಪು. ಮಾಲೀಕರು ವಾದ ಮಾಡದೆ ಮಜೂರಿ ಹಣ ವಾಪಸ್ ಕೊಟ್ಟರು, ಸಾಮಾನಿನ ಹಣ ಹೋಯಿತು. ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಬೇರೆ. ಅವತ್ತು ನನ್ನ ಪಕ್ಕ ಒಂದು ಬಿಳಿ ಗೂಡ್ಸ್ ಗಾಡಿ ನಿಂತಿತ್ತು. ಹುಡುಗ ಅದೇ ಬಾಟಲಿಯಿಂದ ಅದಕ್ಕೂ ಸುರಿದಿದ್ದ. 'ಅವರಿಗೆ ಫೋನ್ ಮಾಡ್ರಿ' ಎಂದೆ. 'ನಂಬರ್ ಇಲ್ರಿ' ಎಂದರು. ಡಿಸೆಂಬರ್ ಕೊನೆಯ ವಾರ ಹುಬ್ಬಳ್ಳಿಯಲ್ಲಿ ಬ್ರೇಕ್ ಕೆಲಸ ಮಾಡಿಸಿದ ಬಿಳಿ ಗೂಡ್ಸ್ ಗಾಡಿ ನಿಮ್ಮದಾಗಿದ್ದರೆ, ಪೆಡಲ್ ಗಟ್ಟಿಯಾಗಿದ್ದರೆ, ಗಾಡಿ ಅಲ್ಲೇ ನಿಲ್ಲಿಸಿ. ಲೋಟದ ನೀರಿಗೆ ನಾಲ್ಕು ಹನಿ ಹಾಕಿ ನೋಡಿ.