ಮೂಲಪುರುಷ ಒಬ್ಬನಲ್ಲ, ಮೂವರು: ‘ಫೈರ್ ಅಂಡ್ ಬ್ಲಡ್’ ಓದಿದ ಮೇಲೆ

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಫೈರ್ ಅಂಡ್ ಬ್ಲಡ್’ 2018ರ ನವೆಂಬರ್‌ನಲ್ಲಿ ಪ್ರಕಟವಾಯಿತು. ವೆಸ್ಟೆರೋಸ್ ಎಂಬ ಕಲ್ಪಿತ ಖಂಡವನ್ನು ಆಳಿದ ಟಾರ್ಗೇರಿಯನ್ ರಾಜವಂಶದ ಮೊದಲ ಸುಮಾರು 135 ವರ್ಷಗಳನ್ನು ಇದು ಹೇಳುತ್ತದೆ. ನಾನು ಇದನ್ನು ಕೊಂಡದ್ದು ಆ ವಂಶದ ಮೂಲಪುರುಷ ಮೊದಲನೆಯ ಏಗಾನ್‌ಗಾಗಿ. ಆದ್ದರಿಂದ ಈ ವಿಮರ್ಶೆಯೂ ಅವನ ಅಧ್ಯಾಯಗಳ ಕುರಿತಾದದ್ದೇ.

ಇದು ಕಾದಂಬರಿಯಲ್ಲ ಎಂಬುದನ್ನು ಕೊಳ್ಳುವ ಮುನ್ನ ತಿಳಿದಿರಬೇಕು. ಗಿಲ್ಡೇನ್ ಎಂಬ ಕಲ್ಪಿತ ಪಂಡಿತ ಹಳೆಯ ದಾಖಲೆಗಳನ್ನು ತೂಗಿ ನೋಡಿ ಬರೆದ ಚರಿತ್ರೆಯ ರೂಪದಲ್ಲಿ ಪುಸ್ತಕವಿದೆ. ಹೀಗಾಗಿ ಏಗಾನ್‌ನ ಮನಸ್ಸಿನೊಳಗೆ ನಾವು ಒಮ್ಮೆಯೂ ಇಳಿಯುವುದಿಲ್ಲ. ಏಗಾನ್ ವೆಸ್ಟೆರೋಸನ್ನು ಗೆಲ್ಲುವ ದಂಡಯಾತ್ರೆಯ ಭಾಗ ವೇಗವಾಗಿ ಸಾಗುತ್ತದೆ: ಹ್ಯಾರನ್‌ಹಾಲ್ ಕೋಟೆ ಸುಡುತ್ತದೆ, ಇಬ್ಬರು ರಾಜರ ಒಟ್ಟುಗೂಡಿದ ಸೈನ್ಯ ಟಾರ್ಗೇರಿಯನ್ನರ ಮೂರು ಡ್ರ್ಯಾಗನ್‌ಗಳ ಬೆಂಕಿಗೆ ಸಿಲುಕುತ್ತದೆ, ಉತ್ತರದ ರಾಜ ಟಾರೆನ್ ಸ್ಟಾರ್ಕ್ ಯುದ್ಧವಿಲ್ಲದೆ ಮಂಡಿಯೂರುತ್ತಾನೆ. ಈ ಭಾಗ 2014ರ ‘ದಿ ವರ್ಲ್ಡ್ ಆಫ್ ಐಸ್ ಅಂಡ್ ಫೈರ್’ನಲ್ಲಿ ಆಗಲೇ ಬಂದಿತ್ತು. ಆ ಪುಸ್ತಕ ಮನೆಯಲ್ಲಿರುವವರಿಗೆ ಇಲ್ಲಿ ಹೊಸದು ಕಡಿಮೆ.

ನನ್ನನ್ನು ಹಿಡಿದಿಟ್ಟದ್ದು ಗೆದ್ದ ಮೇಲಿನ ಆಳ್ವಿಕೆಯ ಪುಟಗಳು. ಏಗಾನ್ ತನ್ನ ಇಬ್ಬರು ಸಹೋದರಿಯರನ್ನೇ ಮದುವೆಯಾಗಿದ್ದ. ಹಿರಿಯಳು ವಿಸೆನ್ಯಾ, ಕಿರಿಯಳು ರೇನಿಸ್. ರಾಜ್ಯ ನಿಂತದ್ದು ಅವರಿಬ್ಬರ ಕೈಯಲ್ಲಿಯೂ ಎಂಬುದನ್ನು ಪುಸ್ತಕ ಎರಡು ಪ್ರಸಂಗಗಳಲ್ಲಿ ತೋರಿಸುತ್ತದೆ. ಹೆಂಡತಿಯನ್ನು ನೂರು ಏಟು ಹೊಡೆದು ಕೊಂದವನೊಬ್ಬನ ಮೊಕದ್ದಮೆ ಸಿಂಹಾಸನದಲ್ಲಿ ಕುಳಿತಿದ್ದ ರೇನಿಸ್‌ಳ ಮುಂದೆ ಬರುತ್ತದೆ. ಅವಳು ಧರ್ಮಗುರುಗಳನ್ನೂ ಪಂಡಿತರನ್ನೂ ಕೇಳಿ, ಗಂಡನಿಗೆ ಹೊಡೆಯುವ ಹಕ್ಕಿದ್ದರೂ ಅದು ಆರು ಏಟಿಗೆ ಮಾತ್ರ ಎಂದು ತೀರ್ಮಾನಿಸಿ, ಉಳಿದ 94 ಏಟುಗಳನ್ನು ಅವನಿಗೆ ಹಿಂದಿರುಗಿಸಲು ಸತ್ತವಳ ಅಣ್ಣತಮ್ಮಂದಿರಿಗೆ ಅನುಮತಿ ಕೊಡುತ್ತಾಳೆ. ಇನ್ನೊಂದು, ತನಗೆ ಕಾವಲುಗಾರರು ಸಾಕಷ್ಟಿದ್ದಾರೆ ಎಂದ ಏಗಾನ್‌ನ ಎದುರಲ್ಲೇ ವಿಸೆನ್ಯಾ ಕತ್ತಿ ಹಿರಿದು, ಯಾರೂ ಅಲುಗಾಡುವ ಮುನ್ನ ಅವನ ಕೆನ್ನೆಯನ್ನು ಗೀರಿ, ಏಳು ಮಂದಿಯ ರಾಜರಕ್ಷಕ ಪಡೆಗೆ ಕಾರಣಳಾದ ಸಂಗತಿ. ಇವುಗಳನ್ನು ಓದಿದ ಮೇಲೆ ಮೂಲಪುರುಷ ಎಂಬ ಪದವನ್ನು ಏಕವಚನದಲ್ಲಿ ಬಳಸಲು ನನಗೆ ಮನಸ್ಸು ಬರುತ್ತಿಲ್ಲ.

ದಕ್ಷಿಣದ ಡೋರ್ನ್ ರಾಜ್ಯ ಮಾತ್ರ ಕೊನೆಗೂ ಬಗ್ಗುವುದಿಲ್ಲ. ಅಲ್ಲಿ ರೇನಿಸ್ ತನ್ನ ಡ್ರ್ಯಾಗನ್ ಜೊತೆ ಬೀಳುತ್ತಾಳೆ. ಕೆಲ ವರ್ಷಗಳ ನಂತರ ಡೋರ್ನ್‌ನ ರಾಜಕುಮಾರಿ ಡೇರಿಯಾ ಸಂಧಿಯ ಪತ್ರವೊಂದನ್ನು ತರುತ್ತಾಳೆ. ಏಗಾನ್ ಕಬ್ಬಿಣದ ಸಿಂಹಾಸನದಲ್ಲಿ ಕುಳಿತು ಅದನ್ನು ಓದುತ್ತಾನೆ. ಎದ್ದು ನಿಂತಾಗ ಅವನ ಕೈಯಿಂದ ರಕ್ತ ಸುರಿಯುತ್ತಿರುತ್ತದೆ. ಪತ್ರವನ್ನು ಸುಟ್ಟು, ಆ ರಾತ್ರಿಯೇ ತನ್ನ ವಂಶದ ದ್ವೀಪಕೋಟೆ ಡ್ರ್ಯಾಗನ್‌ಸ್ಟೋನ್‌ಗೆ ಡ್ರ್ಯಾಗನ್ ಏರಿ ಹಾರಿ, ಮರುದಿನ ಮರಳಿ ಬಂದು ಸಂಧಿಗೆ ಒಪ್ಪುತ್ತಾನೆ. ಪತ್ರದಲ್ಲಿ ಏನಿತ್ತೆಂದು ಗಿಲ್ಡೇನ್‌ಗೂ ಗೊತ್ತಿಲ್ಲ. ಚರಿತ್ರೆಯ ಈ ರೂಪ ಸಾರ್ಥಕವಾಗುವುದು ಇಲ್ಲಿಯೇ. ಕಾದಂಬರಿಕಾರ ಏಗಾನ್‌ನ ಮನಸ್ಸನ್ನು ತೆರೆದಿಟ್ಟಿದ್ದರೆ ಆ ರಕ್ತಕ್ಕೆ ಇಷ್ಟು ತೂಕ ಬರುತ್ತಿರಲಿಲ್ಲ.

ಕೊರತೆಯೂ ಇದೆ. 700 ಪುಟ ಮೀರಿದ ಈ ಸಂಪುಟದಲ್ಲಿ ಏಗಾನ್‌ಗೆ ಸಿಗುವುದು ಆರಂಭದ ಕೆಲವೇ ಅಧ್ಯಾಯಗಳು. ಉಳಿದದ್ದು ಮಕ್ಕಳು, ಮೊಮ್ಮಕ್ಕಳು ಮತ್ತು ಅವರ ಅಂತಃಕಲಹಗಳ ಕಥೆ. ಅವನೊಬ್ಬನ ಬಗ್ಗೆಯೇ ವಿಸ್ತಾರವಾಗಿ ಓದಬಯಸುವವರಿಗೆ ಇದು ದೊಡ್ಡ ಖರ್ಚೆನಿಸಬಹುದು. ಡಗ್ ವೀಟ್ಲಿಯವರ ಕಪ್ಪುಬಿಳುಪು ಚಿತ್ರಗಳು ಅದನ್ನು ಸ್ವಲ್ಪ ತುಂಬಿಕೊಡುತ್ತವೆ. ಓದಲು ಕೂರುವಾಗ ಕೊನೆಯಲ್ಲಿರುವ ವಂಶವೃಕ್ಷದ ಪುಟಕ್ಕೆ ಒಂದು ಚೀಟಿ ಇಟ್ಟುಕೊಳ್ಳಿ. ಏಗಾನ್ ಎಂಬ ಹೆಸರಿನವರು ಮುಂದೆ ಇನ್ನೂ ಬರುತ್ತಾರೆ.