600 ವಿಎ ಯುಪಿಎಸ್: ಎಂಟು ತಿಂಗಳು ಬಳಸಿದ ಮೇಲೆ

ಸಪ್ತಾಪುರದ ನಮ್ಮ ಮನೆಯಲ್ಲಿ ಇನ್ವರ್ಟರ್ ಇದೆ. ಆದರೆ ಅದರ ಲೈನ್ ಎಳೆದಿರುವುದು ಲೈಟು, ಫ್ಯಾನಿಗೆ ಮಾತ್ರ. ನನ್ನ ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಇಟ್ಟ ಮೂಲೆಗೆ ಇಲ್ಲ. ಅಲ್ಲೇ 4 ಟಿಬಿಯ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇವೆ. ಒಂದರಲ್ಲಿ ಅಪ್ಪ ಸಂಗೀತದ ಬೈಠಕ್‌ಗಳಲ್ಲಿ ಕೂತು ತುಂಬಿಸಿದ ಕ್ಯಾಸೆಟ್‌ಗಳ ರೆಕಾರ್ಡಿಂಗ್, ಇನ್ನೊಂದರಲ್ಲಿ ಅದರ ಕಾಪಿ.

ಮೊದಲ ಮಳೆಯ ದಿನ ಹತ್ತು ನಿಮಿಷದಲ್ಲಿ ಮೂರು ಸಲ ಕರೆಂಟ್ ಹೋಗಿ ಬಂತು. ಕಾಪಿಯ ಡಿಸ್ಕ್ ಮೌಂಟ್ ಆಗಲಿಲ್ಲ, ಅಂದರೆ ಅದರಲ್ಲಿನ ಫೈಲುಗಳು ಪೈಗೆ ಸಿಗಲಿಲ್ಲ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ನಾನೇ 'ನೋಫೇಲ್' (ಡಿಸ್ಕ್ ಸಿಗದಿದ್ದರೂ ಮುಂದೆ ಹೋಗು) ಅಂತ ಹಾಕಿದ್ದೆ, ಹಾಗಾಗಿ ಪೈ ಏನೂ ಆಗದವರಂತೆ ಎದ್ದು ಕೂತಿತ್ತು. ರಾತ್ರಿ ಬ್ಯಾಕಪ್ ಶುರುವಾದಾಗ ಫೈಲುಗಳೆಲ್ಲ ಡಿಸ್ಕ್ ಮೌಂಟ್ ಆಗಬೇಕಿದ್ದ ಖಾಲಿ ಫೋಲ್ಡರಿಗೆ, ಅಂದರೆ ಪೈ ಒಳಗಿನ 32 ಜಿಬಿ ಎಸ್‌ಡಿ ಕಾರ್ಡಿಗೆ ಬಿದ್ದವು. ಬೆಳಗಾಗುವಷ್ಟರಲ್ಲಿ ಕಾರ್ಡು ತುಂಬಿ ಎಲ್ಲ ಬಂದ್. ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸಿದ ಮೇಲೆ ಡಿಸ್ಕ್ ಸರಿಹೋಯಿತು. ಈಗ ಡಿಸ್ಕ್ ಮೌಂಟ್ ಆಗಿದೆಯಾ ಅಂತ ನೋಡಿಯೇ ಬ್ಯಾಕಪ್ ಶುರುವಾಗುತ್ತದೆ.

ಮರುದಿನವೇ ಯುಪಿಎಸ್ (ಕರೆಂಟ್ ಹೋದ ಕೂಡಲೇ ಬ್ಯಾಟರಿಯಿಂದ ವಿದ್ಯುತ್ ಕೊಡುವ ಡಬ್ಬಿ) ತರಲು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಗೆ ಹೋದೆ. ಅಂಗಡಿಯವರು ಮೊದಲು ಕೇಳಿದ್ದೇ "ಲೋಡ್ ಎಷ್ಟೈತ್ರಿ ಸರ್?" ಅಂತ. ಡಿಸ್ಕಿನ ಅಡಾಪ್ಟರ್ ಮೇಲೆ 12 ವೋಲ್ಟ್, 2 ಆಂಪ್ ಅಂತಿತ್ತು. ಎರಡಕ್ಕೆ 48 ವ್ಯಾಟ್, ಪೈಗೆ 15, ರೌಟರ್‌ಗೆ 12. ಎಲ್ಲ ಸೇರಿ 75. "ಹಂಗಾರ 600 ವಿಎ ಸಾಕ್ರಿ, 1000ದ್ದು ಸುಮ್ನ ದಂಡ" ಅಂದರು. (ವಿಎ ಅನ್ನುವುದು ಯುಪಿಎಸ್ ಎಷ್ಟು ಲೋಡ್ ಹೊರುತ್ತದೆ ಅನ್ನುವ ಅಳತೆ.) ದೊಡ್ಡದನ್ನು ಮಾರುವ ಅವಕಾಶ ಬಿಟ್ಟುಕೊಟ್ಟ ಅಂಗಡಿ ಅದು. ಮತ್ತೆ ಅಲ್ಲಿಗೇ ಹೋಗುತ್ತೇನೆ.

ಗಡಿಯಾರ ಹಿಡಿದು ನೋಡಿದೆ, ಕರೆಂಟ್ ಇಲ್ಲದೆ ಯುಪಿಎಸ್ ಸುಮಾರು 40 ನಿಮಿಷ ಓಡಿತು. ಡಿಸ್ಕುಗಳು ಒಮ್ಮೆಯೂ ನಿಲ್ಲಲಿಲ್ಲ. ಆದರೆ ಸಾಕೆಟ್ ಮೂರೇ, ಅವೂ ಒತ್ತೊತ್ತಾಗಿವೆ. ಡಿಸ್ಕಿನ ದಪ್ಪ ಅಡಾಪ್ಟರ್ ಒಂದು ಹಾಕಿದರೆ ಪಕ್ಕದ್ದು ಮುಚ್ಚಿಹೋಗುತ್ತದೆ. ಎಕ್ಸ್‌ಟೆನ್ಶನ್ ಬೋರ್ಡ್ ಬೇಕೇ ಬೇಕು. ಇನ್ನು ಆ ಬೀಪ್! ನಡುರಾತ್ರಿ ಅವ್ವ ಎದ್ದು ಬಂದು, "ಅದ್ಯಾಕ ಹಂಗ ಒದರಾಕತ್ತೈತಿ, ಮೊದ್ಲ ಬಾಯಿ ಮುಚ್ಚಸು" ಅಂದಳು. ಮುಚ್ಚಿಸುವ ಗುಂಡಿಯೇ ಇಲ್ಲ.

ದೊಡ್ಡ ಕೊರತೆ ಬೇರೆ. ಇದರಲ್ಲಿ ಯುಎಸ್‌ಬಿ ಪೋರ್ಟ್ ಇಲ್ಲ. ಕರೆಂಟ್ ಹೋಗಿದೆ ಅಂತ ಪೈಗೆ ಗೊತ್ತಾಗುವುದು ಹೇಗೆ? ಹಳೆಯ ರೌಟರ್ ಒಂದು ಬಿದ್ದಿತ್ತು. ಅದನ್ನು ಯುಪಿಎಸ್‌ಗೆ ಹಾಕದೆ ನೇರ ಗೋಡೆಯ ಸಾಕೆಟ್‌ಗೆ ಹಾಕಿ, ವೈರ್ ಎಳೆದು ಪೈಗೆ ಜೋಡಿಸಿದೆ. ಪೈ ನಿಮಿಷಕ್ಕೊಮ್ಮೆ ಅದನ್ನು ಪಿಂಗ್ ಮಾಡುತ್ತದೆ, ಅಂದರೆ 'ಇದ್ದೀಯಾ?' ಅಂತ ಕೇಳುತ್ತದೆ. ಕರೆಂಟ್ ಹೋಗಿ ರೌಟರ್ ಆಫ್ ಆಗಿ ಸತತ ಐದು ಸಲ ಉತ್ತರ ಬರದಿದ್ದರೆ ಡಿಸ್ಕುಗಳನ್ನು ಅನ್‌ಮೌಂಟ್ ಮಾಡಿ ತಾನೂ ಮಲಗುತ್ತದೆ. ಖರ್ಚು ಸೊನ್ನೆ.

ಮಲಗಿದ್ದು ತಾನಾಗಿ ಏಳುವುದಿಲ್ಲ, ಅದೇ ತಾಪತ್ರಯ. ಏಳಬೇಕಾದರೆ ಪೈಗೆ ಬರುವ ವಿದ್ಯುತ್ ಒಮ್ಮೆ ಕಡಿದು ಮತ್ತೆ ಬರಬೇಕು. ಬ್ಯಾಟರಿ ಖಾಲಿಯಾಗುವ ಮೊದಲೇ ಕರೆಂಟ್ ಬಂದರೆ ಪೈಗೆ ಬರುವ ವಿದ್ಯುತ್ ಕಡಿದಿರುವುದೇ ಇಲ್ಲವಲ್ಲ! ಯುಪಿಎಸ್ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಹೋದ ವಾರ ಹಾವೇರಿಯಲ್ಲಿದ್ದಾಗ ಅವ್ವನಿಗೆ ಫೋನ್ ಮಾಡಿ, ಆ ಕರಿ ಡಬ್ಬಿಯ ಗುಂಡಿ ಒತ್ತು ಅಂದೆ.

"ಯಾವ್ದು, ಒದರತೈತಲ್ಲ, ಅದಾ?"